ಬೇಲಿ ಪಕ್ಕದ ಬಿಳಿ ಬೆಡ್‌ಶೀಟು

ರಾಟೆ ಒಮ್ಮೆ ಕಿರ್ ಎಂದು ಸುಮ್ಮನಾಯಿತು.

ಮಲಗಿದ್ದ ಸೊಸೆ ಕಣ್ಣು ಬಿಟ್ಟಳು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಒಂದು ತುದಿಯಲ್ಲಿ ರಾಟೆಯ ಮೇಲೆ ಓಡುತ್ತದೆ. ಯಾರಾದರೂ ಎಳೆದರೆ ಮಾತ್ರ ಅದು ಕಿರ್ ಅನ್ನುವುದು, ಗಾಳಿಗೆ ಅನ್ನುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ವಾರ ಅವಳು ಸದ್ದು ಕೇಳಿದಾಗಲೆಲ್ಲ ಎದ್ದು ಟಾರ್ಚು ಹಿಡಿದು ಹಿತ್ತಲಿಗೆ ಹೋಗಿ ಬಂದಿದ್ದಳು. ಒಂದು ಸಲ ಬೆಕ್ಕು, ಒಂದು ಸಲ ಪಕ್ಕದ ಮನೆಯ ಕಿಟಕಿ, ಇನ್ನೊಂದು ಸಲ ಏನೂ ಇಲ್ಲ. "ನಿನ್ನನ್ನ ಬ್ಯಾಂಕಿನ ಮುಂದೆ ಮಲಗಿಸಿದ್ರೆ ಅವರಿಗೆ ಬೀಗದ ಖರ್ಚು ಉಳೀತಿತ್ತು" ಎಂದು ಗಂಡ ಹೊದಿಕೆಯೊಳಗಿಂದಲೇ ನಕ್ಕಿದ್ದ. ಆ ನಗುವನ್ನು ಮತ್ತೆ ಕೇಳುವ ಮನಸ್ಸಿಲ್ಲದೆ ಈ ಸಲ ಹಟಕ್ಕೆ ಬಿದ್ದು ಮಲಗಿಯೇ ಇದ್ದಳು. ಸ್ವಲ್ಪ ಹೊತ್ತಿಗೆ ನಲ್ಲಿಯ ನೀರು ಸಣ್ಣಗೆ ಬೀಳುವ ಸದ್ದಾಯಿತು. ಅತ್ತೆ ಎದ್ದಿರಬೇಕು, ವಯಸ್ಸಾದವರು, ಅಂದುಕೊಂಡು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಸಭೆಯಿತ್ತು.

ಅವರ ಮನೆಯ ಮುಂಭಾಗವೇ ಲಾಂಡ್ರಿ. ನಡುವಿನ ಕೋಣೆಯಲ್ಲಿ ಇಸ್ತ್ರಿ ಮೇಜುಗಳು, ಹಿಂದೆ ನೀರು ಕಾಯಿಸುವ ಬಾಯ್ಲರು, ಸಿಮೆಂಟಿನ ತೊಟ್ಟಿಗಳು, ಆಮೇಲೆ ಹಿತ್ತಲು. ಹಿತ್ತಲಿನ ಕೊನೆಗೆ ತಂತಿಬೇಲಿ. ಬೇಲಿಯಾಚೆ ಹಳೆಯ ಹಗ್ಗದ ಕಾರ್ಖಾನೆಯ ಬಯಲು. ಅದು ಪುರಸಭೆಯ ಸ್ವತ್ತು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಗಿ, ಊರಿನವರೆಲ್ಲ ಅದನ್ನು ತಮ್ಮದೇ ಅಂದುಕೊಂಡುಬಿಟ್ಟಿದ್ದರು. ಕಾರು ಕಲಿಯುವವರು ಅಲ್ಲೇ ಕಲಿತರು, ಜಗಳವಾಡಿದ ಗಂಡಂದಿರು ಅಲ್ಲೇ ಸುತ್ತು ಹೊಡೆದು ತಣ್ಣಗಾಗಿ ಮನೆಗೆ ಹೋದರು. ಆ ಬಯಲನ್ನು ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಂಪನಿಗೆ ಮಾರಲು ಪುರಸಭೆ ಹೊರಟಿತ್ತು. ಮಾರಾಟ ಆಗುವ ಮೊದಲೇ ಮೂಲೆಯ ಶೆಡ್ಡೊಂದನ್ನು ಪರೀಕ್ಷೆಗೆ ಅಂತ ಕೊಟ್ಟಿದ್ದೂ ಆಗಿತ್ತು. ಕತ್ತಲಾದ ಮೇಲೆ ಅಲ್ಲಿ ಕುಲುಮೆ ಹೊತ್ತುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೊಗೆ ಇಲ್ಲ, ಏನೂ ಇಲ್ಲ, ಬಾಯಲ್ಲಿ ಮಾತ್ರ ತುಕ್ಕು ನೆಕ್ಕಿದಂಥ ರುಚಿ.

"ಅದು ಹೊಗೆ ಅಲ್ಲ ಸ್ವಾಮಿ, ಆವಿ" ಅನ್ನುವುದು ಕಂಪನಿಯ ಮ್ಯಾನೇಜರನ ಮಾತು. ಹೋದಲ್ಲೆಲ್ಲ ಅದನ್ನೇ ಹೇಳಿ ಹೇಳಿ ಅವನಿಗೆ ಊರಿನಲ್ಲಿ ಆವಿ ಸಾಹೇಬ ಅಂತಲೇ ಹೆಸರು ಬಿತ್ತು. ಹೋಟೆಲಿನಲ್ಲಿ ಇಳಿದುಕೊಂಡಿದ್ದ ಅವನ ಬಿಳಿ ಅಂಗಿಗಳು ಒಗೆಯಲು ಬರುತ್ತಿದ್ದದ್ದು ಇವರ ಲಾಂಡ್ರಿಗೇ. "ಆವಿಯಲ್ಲಿ ಬೆಂದವನ ಕಾಲರ್ ಇಷ್ಟು ಕಪ್ಪಗಿರುತ್ತಾ?" ಎಂದು ಅತ್ತೆ ಆ ಅಂಗಿಗಳನ್ನು ಎರಡು ಬೆರಳಲ್ಲಿ ಎತ್ತಿ ನೀರಿಗೆ ಹಾಕುತ್ತಿದ್ದರು.

ಮಾರಾಟ ಆದರೆ ಲಾಂಡ್ರಿ ಉಳಿಯುವುದಿಲ್ಲ ಅನ್ನುವುದು ಸೊಸೆಗೆ ಸ್ಪಷ್ಟವಾಗಿತ್ತು. ಪರೀಕ್ಷೆಯ ಕುಲುಮೆ ರಾತ್ರಿ ಮಾತ್ರ ಉರಿಯುತ್ತದೆ, ಇವರ ಬಟ್ಟೆ ಹಗಲು ಮಾತ್ರ ಹೊರಗಿರುತ್ತದೆ, ಹೇಗೋ ನಡೆಯುತ್ತಿತ್ತು. ಕಾರ್ಖಾನೆಯೇ ಬಂದು ಹಗಲೂ ಉರಿಯತೊಡಗಿದರೆ ಬಿಳಿ ಬಟ್ಟೆಯನ್ನು ಎಲ್ಲಿ ಒಣಗಿಸುವುದು? ಅವಳು ಕಾಲೇಜಿನಲ್ಲಿ ಓದಿದವಳು, ಗಾಬರಿಯ ಸ್ವಭಾವದವಳು, ಎಲ್ಲವನ್ನೂ ಮುಂದಾಗಿ ಯೋಚಿಸಿ ಅರ್ಧ ನಿದ್ದೆ ಕಳೆದುಕೊಳ್ಳುವವಳು. ವಿರೋಧ ಮಾಡುವವರ ಸಮಿತಿಗೆ ಅವಳು ಸೇರಿದ್ದು ಧೈರ್ಯದಿಂದಲ್ಲ, ಸುಮ್ಮನೆ ಕೂತಿರಲು ಆಗದೆ.

ಸಮಿತಿಗೆ ಮುಂದಾಳು ನಿವೃತ್ತ ವಿಜ್ಞಾನದ ಮೇಷ್ಟ್ರು. ಉಪಾಯ ಅವರದೇ. ಒಂದು ವಾರ ಪ್ರತಿ ಮನೆಯೂ ಒಂದು ಬಿಳಿ ಬಟ್ಟೆಯನ್ನು ಹಗಲೂ ರಾತ್ರಿ ಹೊರಗೆ ತೂಗುಹಾಕಬೇಕು, ಯಾರೂ ಮುಟ್ಟಬಾರದು. ಕೊನೆಯ ದಿನ ಮಾರಾಟದ ಬಗ್ಗೆ ಊರಿನವರ ಸಭೆ; ಅಂದು ಎಲ್ಲವನ್ನೂ ಪುರಸಭೆಯ ಸಭಾಂಗಣಕ್ಕೆ ತಂದು, ಶೆಡ್ಡಿಗೆ ಹತ್ತಿರದ್ದು ಮೊದಲು, ದೂರದ್ದು ಕೊನೆಗೆ, ಸಾಲಾಗಿ ಕಟ್ಟಬೇಕು. ಹತ್ತಿರದ್ದು ಕಪ್ಪಗೆ, ದೂರದ್ದು ಬೆಳ್ಳಗೆ. ಅಷ್ಟನ್ನು ನೋಡಲು ಯಾರೂ ಓದಿರಬೇಕಾಗಿಲ್ಲ. "ಫೋಟೊ ಬೇಡ" ಅಂದಿದ್ದರು ಮೇಷ್ಟ್ರು. "ಫೋಟೊ ಆದ್ರೆ ಕಂಪ್ಯೂಟರಲ್ಲಿ ಕಪ್ಪು ಬಳಿದಿದ್ದು ಅಂತಾರೆ. ಬಟ್ಟೆ ಸುಳ್ಳು ಹೇಳಲ್ಲ."

ಎಲ್ಲರಿಗಿಂತ ಹತ್ತಿರದ ಮನೆ ಲಾಂಡ್ರಿ. ಸೊಸೆ ತನ್ನ ಪೆಟ್ಟಿಗೆಯಿಂದ ಒಂದು ಡಬಲ್ ಬೆಡ್‌ಶೀಟು ತೆಗೆದು ಬೇಲಿ ಪಕ್ಕದ ಹಗ್ಗಕ್ಕೆ ಹಾಕಿದಳು. ಅದರ ಮೂಲೆಯಲ್ಲಿ ಕೆಂಪು ದಾರದ ಗುರುತಿತ್ತು: ಅಡ್ಡ ಎರಡು ಹೊಲಿಗೆ, ನಡುವೆ ಒಂದು ಗಂಟು. ಆ ಲಾಂಡ್ರಿಗೆ ಬರುವ ಪ್ರತಿ ಬಟ್ಟೆಗೂ ಆ ಗುರುತು ಬೀಳುತ್ತದೆ. ಅತ್ತೆಗೆ ಎಷ್ಟು ರೂಢಿಯೆಂದರೆ ಮನೆಯ ಬಟ್ಟೆಗೂ ಹಾಕಿಬಿಡುತ್ತಿದ್ದರು.

ಆ ವಾರ ಅತ್ತೆಗೆ ಊಟ ಸೇರಲಿಲ್ಲ. ಕತ್ತಲಾದ ಮೇಲೆ ಹಗ್ಗದ ಮೇಲೆ ಬಟ್ಟೆ ಇರಕೂಡದು ಅನ್ನುವುದು ಅವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಡೆದ ಕಟ್ಟಳೆ. ಹೋಗುತ್ತಾ ಬರುತ್ತಾ ಆ ಬೆಡ್‌ಶೀಟನ್ನು ನೋಡುವರು, ಮುಖ ಆಚೆ ತಿರುಗಿಸುವರು. "ಮೈಮೇಲೆ ಕಜ್ಜಿ ಬಂದವರ ಹಾಗೆ ನಿಂತಿದೆ ನೋಡು" ಅನ್ನುವರು. ಸೊಸೆ ನಕ್ಕು ಸುಮ್ಮನಾಗುತ್ತಿದ್ದಳು. ನಿಜಕ್ಕೂ ಅದು ದಿನದಿನಕ್ಕೆ ಕೆಡುತ್ತಾ ಬಂದಿತ್ತು. ಮೊದಲು ಬರೀ ಚುಕ್ಕೆ, ಆಮೇಲೆ ಬೂದಿ ಜರಡಿ ಹಿಡಿದ ಹಾಗೆ ಒಂದು ಬಣ್ಣ, ಹಗ್ಗದ ಮೇಲೆ ಮಡಿಚಿ ಬಿದ್ದಲ್ಲಿ ಕಪ್ಪು ಪಟ್ಟಿ. ಅವಳಿಗೆ ಹೆದರಿಕೆಯೂ ಆಗುತ್ತಿತ್ತು, ಒಳಗೊಳಗೇ ಸಮಾಧಾನವೂ ಆಗುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಹಗ್ಗ ಖಾಲಿ.

ಕಂಪನಿಯವರೇ ಕದ್ದರು ಎಂದುಕೊಂಡು ಒಳಗೆ ಓಡಿಬಂದವಳು ಇಸ್ತ್ರಿ ಮೇಜಿನ ಮುಂದೆ ನಿಂತುಬಿಟ್ಟಳು. ಬೆಡ್‌ಶೀಟು ಅಲ್ಲೇ ಇತ್ತು. ಒಗೆದು, ನೀಲಿ ಹಾಕಿ, ಗಂಜಿ ಹಾಕಿ, ಇಸ್ತ್ರಿ ಮಾಡಿ, ಕೆಂಪು ಗುರುತು ಮೇಲೆ ಬರುವ ಹಾಗೆ ಮಡಿಚಿಟ್ಟಿತ್ತು. ಅತ್ತೆ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ವಾರದಲ್ಲಿ ಮೊದಲ ಸಲ ಮುಖದಲ್ಲಿ ಕಳೆ ಇತ್ತು.

"ಇದೇನತ್ತೆ?"

"ಏನು ಇದೇನು? ನಿನ್ನ ಮೀಟಿಂಗಿನ ಬೆಡ್‌ಶೀಟು. ಊರಿಗೆ ಊರೇ ಬರುತ್ತೆ ಅಂದ್ಯಲ್ಲ."

"ಒಗೆದುಬಿಟ್ರಾ?"

"ಇಲ್ಲ, ಮುತ್ತು ಕೊಟ್ಟೆ. ಒಗೀದೆ ಬೆಳ್ಳಗಾಗುತ್ತೇನೆ?"

"ಅತ್ತೆ, ಕೊಳೆ ತೋರಿಸೋದಕ್ಕೇ ಅಲ್ವಾ ಅದನ್ನ ಹಾಕಿದ್ದು!"

"ತೋರಿಸಲಿ. ಕಟಿಂಗ್ ಶಾಪಿನವನು ತೋರಿಸಲಿ, ಬೇಕರಿಯವನು ತೋರಿಸಲಿ. ಅವರಿಗೇನು, ಒಗೆಯೋದು ಕಸುಬಾ? ನಮ್ಮ ಗುರುತಿರೋ ಬಟ್ಟೆ ಅಷ್ಟು ಜನರ ಮುಂದೆ ಕೊಳಕಾಗಿ ನೇತಾಡಿದ್ರೆ ನಾಳೆಯಿಂದ ಗಿರಾಕಿಗಳ ಹತ್ರ ಯಾವ ಮುಖ ಇಟ್ಕೊಂಡು ಬಟ್ಟೆ ಕೇಳ್ತೀಯ? ರಾತ್ರಿಯೆಲ್ಲ ಅದೇ ಯೋಚನೆ. ತಡೆಯೋಕಾಗಲಿಲ್ಲ, ಎದ್ದೆ."

ಗಾಳಿ ಯಾವ ಕಡೆ ಬೀಸುತ್ತದೆ, ಸೀಸ ಮೈಗೆ ಸೇರಿದರೆ ಏನಾಗುತ್ತದೆ, ಎಲ್ಲವನ್ನೂ ಸೊಸೆ ಅತ್ತೆಗೆ ಬಿಡಿಸಿ ಹೇಳಿದ್ದಳು. ಇದನ್ನು ಒಗೆಯಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಅಷ್ಟು ಹೇಳಬೇಕಾಗುತ್ತದೆ ಅಂತ ಹೊಳೆದಿರಲೇ ಇಲ್ಲ.

ಮೇಷ್ಟ್ರಿಗೆ ಫೋನು ಮಾಡಿದಳು. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂತಲೇ ಮಾಡಿದ್ದು. ಅವರು ಹಲೋ ಕೂಡ ಅನ್ನಲಿಲ್ಲ. "ಬರ್ತಿದ್ದೀರಲ್ಲಮ್ಮ? ಬೇರೆಯವರದೆಲ್ಲ ಬಂದು ಕಟ್ಟಿಯೂ ಆಯ್ತು. ಮೊದಲನೇ ಜಾಗ ನಿಮಗೆ ಅಂತ ಬಿಟ್ಟಿದ್ದೀನಿ. ನೋಡಿ, ನಿಮ್ಮದೊಂದು ಇದ್ರೆ ಉಳಿದಿದ್ದಕ್ಕೆಲ್ಲ ಅರ್ಥ. ನಿಮ್ಮದಿಲ್ಲದಿದ್ರೆ ಬೇಕರಿ ಹೊಗೆ, ರಸ್ತೆ ಧೂಳು ಅಂತ ಆವಿ ಸಾಹೇಬ ಒಂದೇ ಉಸಿರಲ್ಲಿ ಊದಿಬಿಡ್ತಾನೆ."

"ಹ್ಞೂಂ, ತರ್ತೀನಿ" ಅಂದಳು ಸೊಸೆ.

ಗಂಡ ವ್ಯಾನು ತೆಗೆದುಕೊಂಡು ಆಸ್ಪತ್ರೆಗೆ ಬಟ್ಟೆ ಕೊಡಲು ಹೋಗಿದ್ದ. ಅತ್ತೆ ಸಭೆಗೆ ಹೊರಡಲು ಸ್ನಾನಕ್ಕೆ ಹೋದರು. ಸೊಸೆ ತೊಟ್ಟಿಗಳ ಹತ್ತಿರ ಹೋಗಿ ನಿಂತಳು. ಆ ಮನೆಯಲ್ಲಿ ನೆನೆಹಾಕಿದ ಮೊದಲ ನೀರನ್ನು ಚೆಲ್ಲುವುದಿಲ್ಲ. ಬಾಯ್ಲರಿನ ಸುತ್ತ ನೆಲ ತೊಳೆಯಲು ಇಟ್ಟುಕೊಳ್ಳುತ್ತಾರೆ. ರಾತ್ರಿಯ ನೀರು ತೊಟ್ಟಿಯಲ್ಲಿ ಹಾಗೇ ಇತ್ತು, ಸ್ಲೇಟಿನ ಬಣ್ಣಕ್ಕೆ, ತಳದಲ್ಲಿ ಕರಿ ಮಡ್ಡಿ. ಒಂದು ವಾರ ಆಕಾಶದಿಂದ ಬಿದ್ದದ್ದು ಅಷ್ಟೂ ಅಲ್ಲಿದೆ. ಅದರದನ್ನು ಅದಕ್ಕೇ ವಾಪಸು ಕೊಟ್ಟರೆ ಮೋಸ ಹೇಗಾಗುತ್ತದೆ?

ತೋಳು ಮಡಿಚಿ, ಗರಿಗರಿಯಾದ ಬೆಡ್‌ಶೀಟನ್ನು ಕೊಡವಿ, ನೀರಿಗೆ ಅದ್ದಿದಳು.

ಹೊರಗೆ ತೆಗೆದಾಗ ಕಪ್ಪಗೇ ಕಂಡಿತು. ಹಿಂಡಿ, ಬಿಸಿ ಇಸ್ತ್ರಿಯ ಕೆಳಗೆ ಆರಿಸುತ್ತಾ ಬಂದ ಹಾಗೆ ಬಣ್ಣ ಇಳಿಯುತ್ತಾ ಹೋಯಿತು. ಕೊನೆಗೆ ಉಳಿದದ್ದು ಬಡಪಾಯಿ ಬೂದು, ಅಲ್ಲಲ್ಲಿ ನೀರು ನಿಂತು ಆರಿದ ಗೆರೆ. ಮೂರು ಸಲ ಒಗೆದ ಹಳೆಯ ಬಟ್ಟೆಯ ಹಾಗಿತ್ತೇ ಹೊರತು ವಾರವಿಡೀ ಹೊಗೆ ಕುಡಿದ ಬಟ್ಟೆಯ ಹಾಗಿರಲಿಲ್ಲ. ಕಟಿಂಗ್ ಶಾಪಿನವನ ಟವೆಲು ಇದಕ್ಕಿಂತ ಕಪ್ಪಗಿತ್ತು ಅನ್ನುವುದನ್ನು ಅವಳು ಹಿಂದಿನ ದಿನವೇ ನೋಡಿದ್ದಳು.

ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಅತ್ತೆ ಇನ್ನೇನು ಬರುತ್ತಾರೆ.

ಬಾಯ್ಲರಿನ ಹೊಗೆ ಕೊಳವೆಗೆ ಕೆಳಗೊಂದು ಮುಚ್ಚಳವಿದೆ. ಅವಳು ಅದನ್ನು ತೆಗೆದಳು, ಕೈಹಾಕಿದಳು, ಬಂದಷ್ಟು ಮಸಿ ಬಾಚಿ ಬೆಡ್‌ಶೀಟಿನ ಮೇಲೆ ಉದುರಿಸಿದಳು. ಹಳೆಯ ಸಾಕ್ಸು ಕೈಗೆ ಸುತ್ತಿಕೊಂಡು ತಿಕ್ಕಿದಳು. ಹಗ್ಗದ ಜಾಗದಲ್ಲಿ ಒಂದು ಪಟ್ಟಿ, ಅಂಚುಗಳಿಗೆ ಸ್ವಲ್ಪ ಹೆಚ್ಚು. ಹಿಂದಿನ ಸಂಜೆ ಅದು ಹೇಗಿತ್ತೋ ಹಾಗೆ ಮಾಡಬೇಕೆಂದುಕೊಂಡಿದ್ದಳು. ಆದರೆ ಹೇಗಿತ್ತು? ಅಷ್ಟು ಕಪ್ಪಗಿತ್ತೇ? ನೋಡುತ್ತಾ ನೋಡುತ್ತಾ ನೆನಪೇ ಮಸಿ ಮೆತ್ತಿಕೊಂಡಿತು. ಬೇಗ ಮಡಿಚಿ ಚೀಲಕ್ಕೆ ತುರುಕಿ, ಸೋಪು ಹಾಕಿ ಉಗುರಿನ ಸಂದಿಯವರೆಗೆ ಕೈ ತೊಳೆದಳು.

ಸಭಾಂಗಣ ತುಂಬಿತ್ತು. ಗೋಡೆಯುದ್ದಕ್ಕೆ ಹಗ್ಗ ಕಟ್ಟಿ ಬಟ್ಟೆಗಳನ್ನು ಕ್ಲಿಪ್ಪು ಹಾಕಿ ನಿಲ್ಲಿಸಿದ್ದರು. ಕೊನೆಯಲ್ಲಿ ಶಾಲೆಯ ಹತ್ತಿರದ ಮನೆಯ ತಲೆದಿಂಬಿನ ಚೀಲ, ಹೆಚ್ಚುಕಡಿಮೆ ಬಿಳಿ. ಈ ಕಡೆ ಬಂದ ಹಾಗೆ ಮಾಸಲು. ಬೇಕರಿಯವನ ಏಪ್ರನ್, ಕಟಿಂಗ್ ಶಾಪಿನವನ ಟವೆಲು. ಸೊಸೆ ಬೆಡ್‌ಶೀಟನ್ನು ಮೊದಲನೇ ಜಾಗಕ್ಕೆ ಬಿಚ್ಚಿ ಹಾಕಿದಾಗ ಹಿಂದಿನ ಸಾಲಿನಿಂದ "ಅಯ್ಯಯ್ಯೋ" ಎಂಬ ದನಿ ಬಂತು. ಪುರಸಭೆಯ ಅಧ್ಯಕ್ಷರು ಕನ್ನಡಕ ಒರೆಸಿ ಹಾಕಿಕೊಂಡರು.

ಅತ್ತೆ ಎರಡನೇ ಸಾಲಿನಲ್ಲಿ ಕೂತಿದ್ದರು. ಸೊಸೆ ಅವರ ಕಡೆ ನೋಡಲಿಲ್ಲ. ನೋಡದೆಯೂ ಅವರ ಕಣ್ಣು ಬೆಡ್‌ಶೀಟಿನ ಮೂಲೆಯಲ್ಲಿರುವ ಕೆಂಪು ದಾರದ ಮೇಲೆ ಇದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಮೇಷ್ಟ್ರು ಮಾತು ಮುಗಿಸಿದ ಮೇಲೆ ಆವಿ ಸಾಹೇಬ ಎದ್ದ. ಗಟ್ಟಿಯಾಗಿ ಕೂಗಾಡುವ ಮನುಷ್ಯನಲ್ಲ. ನಿಧಾನಕ್ಕೆ ಗೋಡೆಯ ಹತ್ತಿರ ಹೋಗಿ ಬೆಡ್‌ಶೀಟಿನ ಮುಂದೆ ಬಾಗಿದ.

"ಇದರ ಮೇಲೆ ನೀರಿನ ಗೆರೆ ಇದೆಯಲ್ಲ ಮೇಡಂ?"

"ಇಬ್ಬನಿ" ಅಂದಳು ಸೊಸೆ. ತನ್ನ ದನಿ ತನಗೇ ಯಾರದೋ ಅನ್ನಿಸಿತು.

"ಇಬ್ಬನಿ ನಿಮ್ಮನೆ ಮೇಲೆ ಮಾತ್ರ ಬೀಳುತ್ತಾ? ಟವೆಲ್ ಮೇಲೆ ಗೆರೆ ಇಲ್ಲ, ಏಪ್ರನ್ ಮೇಲೆ ಇಲ್ಲ." ಅವನು ಸಭೆಯ ಕಡೆ ತಿರುಗಿದ. "ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ. ಆದ್ರೆ ಇವರದು ಲಾಂಡ್ರಿ. ತೊಟ್ಟಿ ಇದೆ, ಬಾಯ್ಲರ್ ಇದೆ. ಈ ಬಟ್ಟೆ ವಾರ ಪೂರ್ತಿ ನೀರು ಮುಟ್ಟದೆ ಹಗ್ಗದ ಮೇಲೇ ಇತ್ತು ಅಂತ ಇವರ ಮನೆಯವರು ಯಾರಾದ್ರೂ ಹೇಳ್ತಾರಾ?"

ಸೊಸೆ ಬಾಯಿ ತೆರೆದಳು. ಅಷ್ಟರಲ್ಲಿ ಎರಡನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಅತ್ತೆ ಎದ್ದು ನಿಂತಿದ್ದರು. ಅವರು ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ. ಹೇಳಲು ಬಾರದ್ದರಿಂದಲೇ ನೆಂಟರ ನಡುವೆ ಎಷ್ಟೋ ಜಗಳ ಆಗಿದ್ದವು.

"ಏನ್ ಸ್ವಾಮಿ ಮಾತಾಡ್ತೀರಿ?" ಅಂದರು ಅತ್ತೆ. "ನಮ್ಮನೇಲಿ ನೀರು ಮುಟ್ಟಿದ ಬಟ್ಟೆ ಹೀಗಿರುತ್ತಾ? ನೀವು ಹಾಕ್ಕೊಂಡಿರೋ ಅಂಗಿ ನಿನ್ನೆ ತಾನೆ ನಮ್ಮಿಂದ ಬಂದಿದ್ದು. ಕಾಲರ್ ಒಳಗಡೆ ನೋಡ್ಕೊಳ್ಳಿ, ಇದೇ ಗುರುತಿದೆ. ಅದು ನೀರು ಮುಟ್ಟಿದ್ದು. ಇದು," ಬೆರಳು ಬೆಡ್‌ಶೀಟಿನ ಕಡೆ ಹೋಯಿತು, ಕಣ್ಣು ಹೋಗಲಿಲ್ಲ, "ಇದನ್ನ ನಾನು ಒಗೆದಿದ್ದು ಅಂತ ನೀವು ಹೇಳಿದ್ರೆ ನನಗೆ ಅವಮಾನ."

ಆವಿ ಸಾಹೇಬನ ಕೈ ಅವನಿಗೆ ತಿಳಿಯದೆಯೇ ತನ್ನ ಕಾಲರಿಗೆ ಹೋಯಿತು. ಮೊದಲು ನಕ್ಕವನು ಕಟಿಂಗ್ ಶಾಪಿನವನು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರೂ ನಕ್ಕರು, ನಕ್ಕದ್ದು ಕಾಣದಿರಲೆಂದು ನೀರು ಕುಡಿದರು. ಅಲ್ಲಿಗೆ ಮ್ಯಾನೇಜರನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ ಅನ್ನುವುದು ಯಾರಿಗೂ ಬೇಕಾಗಿರಲಿಲ್ಲ.

ನಗು ಇಳಿದ ಮೇಲೆ ಮೇಷ್ಟ್ರು ಜೇಬಿನಿಂದ ಕತ್ತರಿ ತೆಗೆದರು. "ಬರೀ ನೋಡಿದ್ರೆ ಸಾಲದು, ಸೀಸ ಇದೆಯೋ ಇಲ್ಲವೋ ಪ್ರಯೋಗಾಲಯ ಹೇಳಲಿ. ಎಲ್ಲಕ್ಕಿಂತ ಕಪ್ಪಗಿರೋದರಿಂದ ಒಂದು ತುಂಡು ಕತ್ತರಿಸಿ ಕಳಿಸೋಣ" ಎಂದು ಬೆಡ್‌ಶೀಟಿನ ಅಂಚು ಹಿಡಿದರು.

"ಕತ್ತರಿ ಕೆಳಗಿಡಿ ಮೇಷ್ಟ್ರೇ" ಅಂದರು ಅತ್ತೆ. ಅವರು ಇನ್ನೂ ಕೂತಿರಲಿಲ್ಲ. "ಅದು ಗಿರಾಕಿ ಬಟ್ಟೆ. ಗುರುತು ಕಾಣಲ್ವಾ? ಗಿರಾಕಿ ಬಟ್ಟೆಗೆ ಕತ್ತರಿ ಹಾಕೋದನ್ನ ನಾನು ನೋಡ್ಕೊಂಡು ಇರಲ್ಲ."

ಸೊಸೆ ಆಗ ಅವರ ಮುಖ ನೋಡಿದಳು. ಅತ್ತೆಯ ಕೆನ್ನೆ ಕೆಂಪಾಗಿತ್ತು. ಆ ಬೆಡ್‌ಶೀಟು ಯಾವ ಪೆಟ್ಟಿಗೆಯದು ಅನ್ನುವುದು ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಅಯ್ಯೋ, ಅದಕ್ಕೇನು, ನನ್ನ ಟವೆಲ್ ತಗೊಳ್ಳಿ" ಅಂದ ಕಟಿಂಗ್ ಶಾಪಿನವನು. "ಕತ್ತರಿ ನೀವು ಹಿಡಿಯೋ ರೀತಿ ನೋಡಿದ್ರೆ ಭಯ ಆಗುತ್ತೆ. ಕೊಡಿ ಇಲ್ಲಿ, ನಾನೇ ಕತ್ತರಿಸ್ತೀನಿ."

ಟವೆಲಿನ ತುಂಡು ಲಕೋಟೆಗೆ ಹೋಯಿತು. ವರದಿ ಬರುವ ತನಕ ಮಾರಾಟವೂ ಇಲ್ಲ, ಕುಲುಮೆಯೂ ಹೊತ್ತಬಾರದು ಎಂದು ಅಧ್ಯಕ್ಷರು ಹೇಳಿದರು. ಬೆಡ್‌ಶೀಟನ್ನು ತೋರಿಸಿ, "ಇಂಥದ್ದನ್ನ ಕಣ್ಣಾರೆ ಕಂಡ ಮೇಲೆ ನಾನು ಸಹಿ ಹಾಕೋದು ಹೇಗ್ರೀ?" ಎಂದೂ ಹೇಳಿದರು.

ಮನೆಗೆ ನಡೆದು ಬರುವಾಗ ಬೆಡ್‌ಶೀಟಿನ ಗಂಟು ಅತ್ತೆಯ ಕಂಕುಳಲ್ಲಿತ್ತು. ಸೊಸೆ ಕೇಳಿದರೂ ಕೊಡಲಿಲ್ಲ.

"ಇಷ್ಟು ವರ್ಷ ಆಯ್ತು, ಹಿಂಡೋದು ಇನ್ನೂ ಬರಲಿಲ್ಲವಲ್ಲೇ ನಿನಗೆ" ಅಂದರು ಅತ್ತೆ. "ಗೆರೆ ಉಳಿಸಿಬಿಟ್ಟಿದ್ದೀಯ."

"ಅತ್ತೆ, ನಾನು..."

"ನಡಿ ನಡಿ. ಆಸ್ಪತ್ರೆ ಬಟ್ಟೆ ಬಂದು ಬಿದ್ದಿರುತ್ತೆ."

ಮನೆ ಸೇರಿದ ಕೂಡಲೆ ಅತ್ತೆ ತೊಟ್ಟಿಗೆ ಬಿಸಿನೀರು ಬಿಟ್ಟರು. ಬೆಡ್‌ಶೀಟನ್ನು ಹಾಕುವ ಮೊದಲು ಒಮ್ಮೆ ಮೂಗಿನ ಹತ್ತಿರ ತಂದರು. ಬಾಯ್ಲರ್ ಒರೆಸಿದ ಬಟ್ಟೆಗೆ ಮಾತ್ರ ಹಾಕುವ ಸೋಡಾದ ಡಬ್ಬಿಗೆ ಕೈ ಚಾಚಿ, ಎರಡು ಹಿಡಿ ಹಾಕಿದರು. ಆ ಸಂಜೆ ಕತ್ತಲಾಗುವ ಮೊದಲೇ ಬೆಡ್‌ಶೀಟು ಒಣಗಿ ಪೆಟ್ಟಿಗೆ ಸೇರಿತು.

ವರದಿ ಬಂದದ್ದು ಎರಡು ತಿಂಗಳ ಮೇಲೆ. ಟವೆಲಿನಲ್ಲಿ ಸೀಸ ಇತ್ತು, ಇರಬಹುದಾದ್ದಕ್ಕಿಂತ ಎಷ್ಟೋ ಪಟ್ಟು. ಪುರಸಭೆ ಮಾರಾಟ ಕೈಬಿಟ್ಟಿತು. ಆವಿ ಸಾಹೇಬ ಹೋಟೆಲು ಖಾಲಿ ಮಾಡುವ ದಿನ ತನ್ನ ಅಂಗಿಗಳನ್ನು ತಾನೇ ಬಂದು ಒಯ್ದ. ಅತ್ತೆ ಒಂದೊಂದನ್ನೂ ಬಿಚ್ಚಿ ತೋರಿಸಿ ಕೊಟ್ಟರು.

ವರದಿ ಹಿಡಿದುಕೊಂಡು ಮೇಷ್ಟ್ರು ಲಾಂಡ್ರಿಗೆ ಬಂದರು. ಗಂಡ ವ್ಯಾನಿನಿಂದ ಮೂಟೆ ಇಳಿಸುತ್ತಿದ್ದವನು ನಿಂತು ಕೇಳಿಸಿಕೊಂಡ.

"ಒಂದೇ ಕೊರಗು ನನಗೆ" ಅಂದರು ಮೇಷ್ಟ್ರು. "ನಿಮ್ಮ ಬೆಡ್‌ಶೀಟು ಕಳಿಸಿದ್ದಿದ್ರೆ ಇನ್ನೂ ದೊಡ್ಡ ಅಂಕಿ ಬರ್ತಿತ್ತು. ಆದ್ರೂ ಕಂಪನಿಯನ್ನ ಓಡಿಸಿದ್ದು ಅದೇ, ಬಿಡಿ. ಅದನ್ನ ನೋಡಿರದಿದ್ರೆ ಅಧ್ಯಕ್ಷರು ಟವೆಲಿನ ತುಂಡು ಕಳಿಸೋಕೂ ಒಪ್ತಿರಲಿಲ್ಲ."

"ಅಥವಾ ಒಪ್ತಿದ್ರೇನೋ" ಅಂದಳು ಸೊಸೆ.

"ಏನಂದ್ರಿ?"

ಇಸ್ತ್ರಿ ಅವಳ ಕೈಯಲ್ಲೇ ಇತ್ತು. ಟವೆಲೊಂದೇ ಸಾಕಾಗುತ್ತಿತ್ತೇ? ಬಿಳಿ ಬೆಡ್‌ಶೀಟನ್ನೇ ಒಯ್ದು, ಅತ್ತೆ ಒಗೆದುಬಿಟ್ಟರು ಎಂದಿದ್ದರೆ ಜನ ಆಗಲೂ ನಗುತ್ತಿದ್ದರು, ಆದರೆ ಯಾರನ್ನು ನೋಡಿ? ಇದನ್ನು ಯಾವ ಪ್ರಯೋಗಾಲಯವೂ ಹೇಳುವ ಹಾಗಿರಲಿಲ್ಲ. ಒಳಕೋಣೆಯಲ್ಲಿ ಅತ್ತೆ ಹೊಸ ಮೂಟೆ ಬಿಚ್ಚಿಕೊಂಡು ಗುರುತು ಹೊಲಿಯಲು ಕೂತಿದ್ದರು. ಸೂಜಿ ಹಿಡಿದ ಕೈ ಅರ್ಧಕ್ಕೆ ನಿಂತಿತ್ತು, ತಲೆ ಎತ್ತಿರಲಿಲ್ಲ.

"ಏನೋ ಹೇಳೋಕೆ ಹೋದ್ಯಲ್ಲ" ಅಂದ ಗಂಡ.

"ಇಲ್ಲ. ಇಸ್ತ್ರಿ ಕಾದುಹೋಗಿದೆ, ಸ್ವಲ್ಪ ಆಚೆ ಸರಿ" ಅಂದಳು.

ಒಳಗೆ ಸೂಜಿ ಮತ್ತೆ ಬಟ್ಟೆಯೊಳಗೆ ಇಳಿಯಿತು. ಮೇಷ್ಟ್ರಿಗಾಗಲಿ, ಗಂಡನಿಗಾಗಲಿ, ಮುಂದೆ ಇನ್ನಾರಿಗೇ ಆಗಲಿ ಇದನ್ನು ಹೇಳುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿ, ಮುಂದಿನ ಅಂಗಿಯನ್ನು ಮೇಜಿನ ಮೇಲೆ ಹರಡಿದಳು.